ಕೊಯಿಲಾಂಡಿಯ ಕಣಜಕ್ಕೊಂದು ಹೆಸರು

ಕಲ್ಲಿಕೋಟೆ
೧೪ ಜೂನ್ ೧೯೯೭

ಭರತೇಟ್ಟನಿಗೆ ಸುಹರಾ ಮಾಡುವ ಸಲಾಂ.

ವಿಳಾಸ ಎಲ್ಲಿ ಸಿಕ್ಕಿತೆಂದು ಮೊದಲೇ ಹೇಳಿಬಿಡುತ್ತೇನೆ. ಹೋದ ತಿಂಗಳು ಪರೀಕ್ಷೆ ನಡೆಸಲು ತಲಶ್ಶೇರಿಗೆ ಹೊರಟಿದ್ದೆ. ಬಸ್ಸು ವಡಗರದಲ್ಲಿ ನಿಂತಾಗ ಎದುರಿನ ಬಟ್ಟೆ ಅಂಗಡಿಯ ಬೋರ್ಡು ಕಣ್ಣಿಗೆ ಬಿತ್ತು. ಅಕ್ಷರಗಳ ಬಾಲ ನೋಡುತ್ತಲೇ ಕೈ ಯಾರದೆಂದು ಗೊತ್ತಾಯಿತು. ಕೆಳಗೆ ಮೂಲೆಯಲ್ಲಿ ‘ಭರತನ್, ವಡಗರ’ ಎಂದೂ ಇತ್ತು. ಇಳಿದು ಅಂಗಡಿಯವನನ್ನು ಕೇಳಿದೆ.

“ಬೋರ್ಡ್ ಭರತೇಟ್ಟನಾ? ಆ ಮನುಷ್ಯ ಒಂದು ಅಕ್ಷರಕ್ಕೆ ಒಂದು ದಿನ ತಗೊಳ್ತಾರೆ ಟೀಚರೇ. ನಿಮಗೆ ಅವಸರ ಇದ್ರೆ ಬೇರೆಯವರನ್ನ ನೋಡಿ” ಎಂದ. ನನಗೆ ಅವಸರವಿಲ್ಲ ಎಂದೆ. ಅವನೇ ವಿಳಾಸ ಬರೆದುಕೊಟ್ಟ. ನಾನು ಮಾತ್ರ ನಿಮ್ಮ ಮನೆಗೆ ಬರದೆ ಮುಂದಿನ ಬಸ್ಸು ಹತ್ತಿದೆ. ಒಂದು ತಿಂಗಳು ತಡೆದು ಈಗ ಬರೆಯುತ್ತಿದ್ದೇನೆ.

ನಮ್ಮ ಗುರು ಕುರುವಿಳ ಮಾಷ್ ಏಪ್ರಿಲ್ ಇಪ್ಪತ್ತೆರಡಕ್ಕೆ ತಿರುವಲ್ಲದ ಮನೆಯಲ್ಲಿ ತೀರಿಕೊಂಡರು. ನಿವೃತ್ತರಾಗಿ ಊರಿಗೆ ಹೋದ ಎರಡು ವರ್ಷಕ್ಕೇ ಅವರ ಕಣ್ಣು ಪೂರ್ತಿ ಹೋಗಿತ್ತು. ವಯಸ್ಸಿಗೆ ಬರುವ ತೊಂದರೆ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಅವರ ಮಗಳು ಆನಿ, ಪ್ರಯೋಗಶಾಲೆಯ ಹಳೇ ನೋಟು ಪುಸ್ತಕಗಳನ್ನೆಲ್ಲ ಒಂದು ಟ್ರಂಕಿನಲ್ಲಿ ತುಂಬಿ ನನಗೆ ಕಳಿಸಿದ್ದಾಳೆ.

ನಮ್ಮ ಪ್ರಾಣಿಶಾಸ್ತ್ರ ವಿಭಾಗದ ಕಣಜದ ಹುಳುಗಳ ಪಟ್ಟಿಯನ್ನು ನಾನೀಗ ಹೊಸದಾಗಿ ಬರೆಯುತ್ತಿದ್ದೇನೆ. ಬೇರೆ ಹುಳುಗಳ ಮೊಟ್ಟೆಯೊಳಗೆ ತಮ್ಮ ಮೊಟ್ಟೆಯಿಡುವ ನಮ್ಮ ಪುಟ್ಟ ಕಣಜಗಳಲ್ಲಿ ಮಾಷ್ ಕೊನೆಯ ನಾಲ್ಕು ವರ್ಷದಲ್ಲಿ ಹೊಸದಾಗಿ ವರ್ಣಿಸಿ ಹೆಸರಿಟ್ಟವು ಇಪ್ಪತ್ತಮೂರು. ಅವುಗಳ ಟಿಪ್ಪಣಿ ತೆರೆದರೆ, ೧೯೭೪ರ ಜೂನಿನಿಂದ ಒಂದೊಂದು ಪುಟವೂ ನಿಮ್ಮ ಕೈಬರಹದಲ್ಲಿದೆ. ಪ್ರತಿ ಅಳತೆಯ ಪಕ್ಕ, ಪ್ರತಿ ಎಣಿಕೆಯ ಪಕ್ಕ, ಮಾಷ್ ತಮ್ಮ ಕೈಯಲ್ಲೇ ದೊಡ್ಡದಾಗಿ, ಗೆರೆ ದಾಟಿ, ‘ಭ’ ಎಂದು ಬರೆದಿದ್ದಾರೆ.

ಇದೇನೆಂದು ಪಟ್ಟಿಗಾಗಿ ತಿಳಿಯಬೇಕಾಗಿದೆ. ಬಿಡುವಾದಾಗ ಬರೆಯಿರಿ.

ಇತಿ,
ಸುಹರಾ


ವಡಗರ
೨ ಜುಲೈ ೧೯೯೭

ಸುಹರಾ ಟೀಚರ್ ಅವರಿಗೆ ನಮಸ್ಕಾರ.

ತಮ್ಮ ಕಾಗದ ತಲುಪಿತು. ಮಾಷ್ ತೀರಿಕೊಂಡದ್ದು ನನಗೆ ತಿಳಿದಿರಲಿಲ್ಲ. ಅವರ ಮನೆಯವರಿಗೆ ಪ್ರತ್ಯೇಕ ಬರೆಯುತ್ತೇನೆ.

ತಾವು ಕೇಳಿದ ಅಕ್ಷರ ‘ಭಾಗ’ ಎಂಬುದರ ಗುರುತಾಗಿರಬಹುದು. ನನಗೆ ಸರಿಯಾಗಿ ನೆನಪಿಲ್ಲ. ನಾನು ಅಲ್ಲಿ ಚಿತ್ರ ಬರೆಯಲಿಕ್ಕಿದ್ದವನು. ಹೇಳಿದ್ದನ್ನು ಬರೆದಿದ್ದೇನೆ, ಅಷ್ಟೆ. ವಿಜ್ಞಾನದ ವಿಷಯ ತಮಗೇ ಚೆನ್ನಾಗಿ ಗೊತ್ತಿರುತ್ತದೆ.

ಇಲ್ಲಿ ಎಲ್ಲರೂ ಕ್ಷೇಮ. ಮಳೆ ಹೆಚ್ಚಿರುವುದರಿಂದ ಬಣ್ಣದ ಕೆಲಸ ನಿಂತಿದೆ.

ವಿಶ್ವಾಸಿ,
ಪಿ. ಭರತನ್


ಕಲ್ಲಿಕೋಟೆ
೨೦ ಜುಲೈ ೧೯೯೭

ಭರತೇಟ್ಟನಿಗೆ,

ಏಟ್ಟ, ಅಣ್ಣ ಎಂದು ಕರೆಯುವ ನನ್ನನ್ನು ನೀವು ‘ತಾವು’ ಎಂದದ್ದನ್ನು ಎರಡು ಸಲ ಓದಿದೆ. ಇರಲಿ, ಅದು ನನಗೆ ಸಲ್ಲಬೇಕಾದದ್ದೇ.

ಆದರೆ ‘ಕುಡಿಮೀಸೆಯ ಗೆಣ್ಣು ಹನ್ನೊಂದು’ ಎಂಬ ಮಾತಿನ ಪಕ್ಕ ಯಾರೂ ‘ಭಾಗ’ ಎಂದು ಬರೆಯುವುದಿಲ್ಲ. ನಾನೂ ಇಪ್ಪತ್ತೈದು ವರ್ಷ ಈ ಹುಳುಗಳನ್ನು ಎಣಿಸಿದವಳು.

ಟ್ರಂಕು ಬಂದಾಗಿನಿಂದ ನನಗೆ ಬೇರೆ ಕೆಲಸ ಸಾಗುತ್ತಿಲ್ಲ. ಪುಟ ತಿರುಗಿಸಿದರೆ ಆ ಕೋಣೆಯ ವಾಸನೆಯೇ ಎದ್ದುಬರುತ್ತದೆ, ಸ್ಪಿರಿಟ್ಟು, ನ್ಯಾಫ್ತಲಿನ್ ಗುಳಿಗೆ, ನಿಮ್ಮ ಕರಿ ಶಾಯಿ. ನಿಮ್ಮ ಮೇಜು ಕಿಟಕಿಯ ಬದಿಗಿತ್ತು. ಸೂಕ್ಷ್ಮದರ್ಶಕಕ್ಕೆ ಓರೆಯಾಗಿ ಕನ್ನಡಿ ಸಿಕ್ಕಿಸಿ, ಹುಳದ ನೆರಳು ಕಾಗದದ ಮೇಲೆ ಬೀಳುವಂತೆ ಮಾಡಿಕೊಂಡು, ಉಸಿರು ಹಿಡಿದು ಗೆರೆ ಎಳೆಯುತ್ತಿದ್ದಿರಿ. ನಾವು ಏಳೂ ಜನ ವಿದ್ಯಾರ್ಥಿಗಳು ನಿಮ್ಮ ಗೆರೆ ಮುಗಿಯುವ ತನಕ ನಡೆದಾಡುತ್ತಿರಲಿಲ್ಲ. ಹಲಗೆ ನೆಲ ಅಲುಗಿದರೆ ನೀವು ತಲೆಯೆತ್ತದೆಯೇ “ಯಾರದು ಆನೆ?” ಎನ್ನುತ್ತಿದ್ದಿರಿ. ಉಮ್ಮ ಕಡುಕ್ಕ ಎಂಬ ಕಡಲಚಿಪ್ಪಿಗೆ ಅಕ್ಕಿಹಿಟ್ಟು ತುಂಬಿ ಕರಿದು ಕಳಿಸಿದ ದಿನ ಮಾತ್ರ ಆನೆಗಳಿಗೆ ಮಾಫಿ. ಸೊಳ್ಳೆಪರದೆಯ ಬಟ್ಟೆಯಲ್ಲಿ ನಮ್ಮ ಬಲೆಗಳನ್ನೆಲ್ಲ ಹೊಲಿದುಕೊಟ್ಟದ್ದೂ ಉಮ್ಮನೇ. “ನನ್ನ ಮಗಳು ಸೊಳ್ಳೆಯನ್ನ ಹೊರಗಿಡೋ ಬಟ್ಟೇಲಿ ಸೊಳ್ಳೆ ಹಿಡೀತಾಳೆ” ಎಂದು ನಮ್ಮ ಕುಟ್ಟಿಚ್ಚಿರದ ಓಣಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು. ಅವಳು ಹೋಗಿ ಆರು ವರ್ಷವಾಯಿತು.

ಕೊಯಿಲಾಂಡಿಯಲ್ಲಿ ನನ್ನ ಅಜ್ಜಿಮನೆಯ ಹಿಂದಿನ ಗೇರುಮರದಿಂದ ತಂದ ಆ ಎಲೆ ನೆನಪಿದೆಯೇ? ಹಿಂಬದಿಯಲ್ಲಿ ಗಿಡದ ರಸ ಹೀರುವ ತಿಗಣೆಯ ಮೊಟ್ಟೆ ಸಾಲಾಗಿ ಅಂಟಿದ್ದವು. ಗಾಜಿನ ನಳಿಗೆಯಲ್ಲಿಟ್ಟು ಹತ್ತಿ ತುರುಕಿ ಹನ್ನೊಂದು ದಿನ ಕಾದೆ. ಮೊದಲು ನೋಡಿದ್ದು ನೀವು. “ಸುಹರಾ, ಬಾ ಇಲ್ಲಿ, ನಿನ್ನ ತಿಗಣೆಗೆ ರೆಕ್ಕೆ ಬಂದಿದೆ” ಎಂದಿರಿ. ಒಂದೇ ಒಂದು ಹೆಣ್ಣು ಕಣಜ, ಸಾಸಿವೆಗಿಂತ ಸಣ್ಣದು. ಮಾಷ್ ಗಾಜಿಗೆ ಕಣ್ಣಿಟ್ಟು ತುಂಬ ಹೊತ್ತು ಕೂತಿದ್ದು, “ಹೊಸದು. ನಿನ್ನದು. ಹೆಸರು ಯೋಚನೆ ಮಾಡು” ಎಂದರು. ಅವರು ಅವತ್ತು ಏನು ಕಂಡರೆಂದು ಈಗ ಯೋಚಿಸುತ್ತೇನೆ.

ಆಮೇಲೆ ೭೭ರ ಆ ನವೆಂಬರ್ ಬೆಳಿಗ್ಗೆ. ನಾನು ಬಂದಾಗ ಹುಳವನ್ನು ಅಂಟಿಸಿಟ್ಟಿದ್ದ ಮೊನೆಕಾಗದದ ತುದಿಯಲ್ಲಿ ಅಂಟು ಇತ್ತು, ಒಂದು ರೆಕ್ಕೆ ಇತ್ತು, ಹುಳ ಇರಲಿಲ್ಲ. ನೀವು “ನನ್ನ ಕೈ ತಪ್ಪಿತು” ಎಂದಿರಿ. ನಾನು ಎಲ್ಲರೆದುರು ಏನಂದೆನೆಂದು ನನಗೆ ನೆನಪಿದೆ. ಬೋರ್ಡ್ ಬರೆಯೋ ಕೈಗೆ ಇದನ್ನ ಕೊಟ್ಟದ್ದೇ ತಪ್ಪು ಎಂದೆ. ನೀವು ನಿಬ್ಬು ಒರೆಸಿ, ಶಾಯಿ ಬಾಟಲಿಗೆ ಮುಚ್ಚಳ ಹಾಕಿ ಹೊರಟುಹೋದಿರಿ. ಮಾರನೆಯ ದಿನ ಬರಲಿಲ್ಲ.

ಇನ್ನೊಂದು ವಿಷಯ. ಈ ಮೇ ತಿಂಗಳಲ್ಲಿ ನನ್ನ ವಿದ್ಯಾರ್ಥಿನಿ ಲಿಸಿ ಅದೇ ಕೊಯಿಲಾಂಡಿಯ ಕಡೆಯಿಂದ ತಿಗಣೆಯ ಮೊಟ್ಟೆ ತಂದಳು. ಇಪ್ಪತ್ತೊಂದು ಕಣಜ ಹೊರಬಂದವು. ಹದಿನೇಳು ಹೆಣ್ಣು, ನಾಲ್ಕು ಗಂಡು. ನಾನು ಇಪ್ಪತ್ತು ವರ್ಷ ಗಾಜಿನ ಪಟ್ಟಿಯಲ್ಲಿ ಕಾಪಾಡಿದ್ದ ಆ ರೆಕ್ಕೆಯನ್ನು ಪಕ್ಕದಲ್ಲಿಟ್ಟು ನೋಡಿದೆ. ಅದೇ ಕಣಜ. ಇನ್ನೂ ಯಾರೂ ಹೆಸರಿಟ್ಟಿಲ್ಲ.

ಸುಹರಾ


(ಕಾರ್ಡು)
ಕಲ್ಲಿಕೋಟೆ
೧೦ ಸೆಪ್ಟೆಂಬರ್ ೧೯೯೭

ಭರತೇಟ್ಟನಿಗೂ ಮನೆಯವರಿಗೂ ಓಣಂ ಶುಭಾಶಯ. ಕಾಲೇಜಿಗೆ ರಜೆ ಶುರುವಾಗಿದೆ. ಉತ್ತರ ಬರೆಯುವ ಮನಸ್ಸಿಲ್ಲದಿದ್ದರೆ ‘ಇಲ್ಲ’ ಎಂದು ಅಷ್ಟನ್ನಾದರೂ ಬರೆಯಿರಿ. ಅಂಚೆಯವನನ್ನು ಕಾಯುವುದು ತಪ್ಪುತ್ತದೆ.
ಸುಹರಾ


ವಡಗರ
೨೮ ಸೆಪ್ಟೆಂಬರ್ ೧೯೯೭

ಸುಹರಾಗೆ,

ನಿನ್ನ ಕಾರ್ಡನ್ನು ಶಾರದ ಓದಿದಳು. ಕಾರ್ಡು ಎಂದರೆ ಅಂಚೆಯವನಿಂದ ಹಿಡಿದು ಎಲ್ಲರೂ ಓದುವಂಥದ್ದು, ಹೆಂಡತಿ ಬಿಟ್ಟಾಳೆಯೇ. “ಒಬ್ಬಳು ಹೆಂಗಸು ಮತ್ತೆ ಎರಡು ಸಲ ಬರೆದ್ರೂ ಸುಮ್ನಿದ್ದೀರಲ್ಲ, ನಿಮಗೇನು ಕೈಗೆ ಬೇನೆಯಾ?” ಎಂದಳು. ಅದಕ್ಕೇ ಕೂತಿದ್ದೇನೆ.

ಮಾಷ್ ಇರುವ ತನಕ ಹೇಳಕೂಡದೆಂದಿದ್ದೆ. ಈಗ ಅವರಿಲ್ಲ. ನೀನು ಅರ್ಧ ಕಂಡುಕೊಂಡಿದ್ದೀಯ, ಇನ್ನರ್ಧವನ್ನು ಊಹೆಯಿಂದ ಕಟ್ಟಿಕೊಂಡು ತಪ್ಪು ತಿಳಿಯುವುದು ಬೇಡ.

೭೪ರ ಬೇಸಿಗೆ ರಜೆಯಲ್ಲಿ ಮಾಷ್ ಕೊಯಮತ್ತೂರಿಗೆ ಹೋಗಿ ಕಣ್ಣು ತೋರಿಸಿಕೊಂಡು ಬಂದರು. ಕಣ್ಣಿನ ನರ ಸಾಯುತ್ತಿದೆ, ಮದ್ದಿಲ್ಲ ಎಂದರಂತೆ. ಪಾಠ ಮಾಡಬಹುದು, ನಡೆದಾಡಬಹುದು, ಗಾಜಿನ ಕೆಳಗಿನ ಒಂದು ಮಿಲಿಮೀಟರನ್ನು ಮಾತ್ರ ನೋಡಲಾಗದು. ನನ್ನನ್ನು ಬೆಳಿಗ್ಗೆ ಏಳಕ್ಕೆ ಬರಹೇಳಿದರು. ನೀವೆಲ್ಲ ಬರುತ್ತಿದ್ದುದು ಒಂಬತ್ತೂವರೆಗೆ.

“ಭರತಾ, ಇವತ್ತಿಂದ ನೀನು ನೋಡು, ನಾನು ಕೇಳ್ತೀನಿ. ಇಲ್ಲದ್ದನ್ನ ಇದೆ ಅಂದ್ರೆ ಇಬ್ಬರೂ ಹಾಳಾಗ್ತೀವಿ” ಎಂದರು.

ಹಾಗೆ ಮೂರೂವರೆ ವರ್ಷ. ನಾನು ಕಣ್ಣಿಟ್ಟು ಕೂರುವುದು, ಅವರು ಕಿಟಕಿಯ ಕಡೆ ಮುಖ ಮಾಡಿ ಕೇಳುವುದು.

“ಬೆನ್ನು ಹೇಗಿದೆ?”

“ಕರೀ ಬಣ್ಣ, ಹೊಳೀತಿದೆ ಮಾಷ್.”

“ಎಂಥ ಹೊಳಪು? ಕಾಳುಮೆಣಸಿನ ಹಾಗಾ, ಹುಣಸೆಬೀಜದ ಹಾಗಾ?”

“ಹುಣಸೆಬೀಜ.”

“ಹಾಗಾದ್ರೆ ಸುಕ್ಕಿಲ್ಲ. ಬರಿ, ನುಣುಪು. ಕೂದಲು?”

“ಇದೆ. ಮೂರು ದಿನ ಗಡ್ಡ ಬಿಟ್ಟವನ ಕೆನ್ನೆ ಹಾಗೆ.”

ಅದಕ್ಕೆ ನಗುತ್ತಿದ್ದರು. ನಗುತ್ತಲೇ ಅದನ್ನು ಲ್ಯಾಟಿನ್ ಮಿಶ್ರಿತ ಇಂಗ್ಲಿಷಿಗೆ ತಿರುಗಿಸಿ ಹೇಳುತ್ತಿದ್ದರು, ನಾನು ಕಾಗುಣಿತ ಕೇಳಿ ಕೇಳಿ ಬರೆಯುತ್ತಿದ್ದೆ. ಎಣಿಕೆಯನ್ನು ಮೂರು ಸಲ ಮಾಡಿಸುತ್ತಿದ್ದರು. ಕೊನೆಯಲ್ಲಿ ಪೆನ್ನು ಇಸಿದುಕೊಂಡು ತಡವಿ ತಡವಿ ‘ಭ’ ಎಂದು ಬರೆಯುತ್ತಿದ್ದರು. ಅದೇಕೆ ಮಾಷ್ ಎಂದು ಒಮ್ಮೆ ಕೇಳಿದೆ. “ಕಂಡವನು ಯಾರು ಅಂತ ಎಲ್ಲಾದರೂ ಒಂದು ಕಡೆ ಇರಬೇಕಲ್ಲೋ” ಎಂದರು. ಸುಹರಾ, ನಾನು ಹತ್ತನೇ ತರಗತಿ ದಾಟದವನು. ಆ ಬೆಳಗುಗಳಷ್ಟು ದೊಡ್ಡ ಬೆಳಗುಗಳು ನನ್ನ ಬಾಳಿನಲ್ಲಿ ಆಮೇಲೆ ಬರಲಿಲ್ಲ.

ಆ ದಿನ ನಾನು ಕಾಲು ಗಂಟೆ ತಡವಾಗಿ ಹೋದೆ, ರೈಲು ಎಲತ್ತೂರಿನಲ್ಲಿ ನಿಂತುಬಿಟ್ಟಿತ್ತು. ಮಾಷ್ ಒಬ್ಬರೇ ಇದ್ದರು. ನನ್ನ ಬಾಯಿಂದ ಕೇಳಿಯೇ ಹೊಸದೆಂದು ಹೇಳಿದ್ದ ನಿನ್ನ ಕಣಜವನ್ನು ತಾವೇ ನೋಡಬೇಕೆಂದು ಆಸೆಯಾಯಿತಂತೆ. ಶಿಷ್ಯೆಯ ಮೊದಲ ಹುಳ. ದೊಡ್ಡ ಶಕ್ತಿಯ ಗಾಜು ಹಾಕಿದರೆ ನೆರಳಾದರೂ ಕಂಡೀತೆಂದು ಇಳಿಸುತ್ತ ಹೋದರು, ಹುಳಕ್ಕೆ ತಗಲುವ ಮುಂಚೆ ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲಿಲ್ಲ. ನಾನು ಬಾಗಿಲಲ್ಲಿದ್ದೆ. “ಭರತಾ, ಏನೋ ಟಿಕ್ ಅಂತು. ಏನಾಯ್ತು ನೋಡು” ಎಂದರು. ನೋಡಿದೆ. ಹೇಳಿದೆ. ಅವರು ಕುರ್ಚಿಯಲ್ಲಿ ಕೂತರು.

ಸುಹರಾಗೆ ಹೇಳಿಬಿಡುತ್ತೇನೆ ಎಂದರು. ಬೇಡವೆಂದವನು ನಾನು. ಇನ್ನು ಮೂರು ವಾರಕ್ಕೆ ದಿಲ್ಲಿಯಿಂದ ತನಿಖೆಯ ಸಮಿತಿ ಬರುವುದಿತ್ತು. ಮಾಷ್‌ಗೆ ಕಣ್ಣಿಲ್ಲವೆಂದು ಗೊತ್ತಾದರೆ ದಿಲ್ಲಿಯ ಹಣದಲ್ಲಿ ನಡೆಯುತ್ತಿದ್ದ ನಮ್ಮ ಯೋಜನೆ ಮುಚ್ಚುತ್ತಿತ್ತು, ನೀವು ಏಳು ಜನ ಬೀದಿಗೆ. ನನ್ನ ಹೆಸರು ಹೇಳಿ ಮಾಷ್, ಕಳೆದುಕೊಳ್ಳಲಿಕ್ಕೆ ನನಗೆ ಡಿಗ್ರಿ ಇಲ್ಲ ಎಂದೆ.

ನಾನೇನೋ ದೊಡ್ಡ ತ್ಯಾಗ ಮಾಡಿದೆನೆಂದು ತಿಳಿಯಬೇಡ. ಹಾಗೆ ಹೇಳುವಾಗ ನಾನು ಕೆಲಸ ಬಿಟ್ಟುಹೋಗುವೆನೆಂದೇ ಯೋಚಿಸಿರಲಿಲ್ಲ. ನೀನು ಅರ್ಧ ದಿನ ಮುಖ ಊದಿಸಿಕೊಂಡು, ಆಮೇಲೆ ಬಂದು, ಹೋಗಲಿ ಬಿಡಿ ಭರತೇಟ್ಟಾ ಅನ್ನುತ್ತೀಯ ಎಂದುಕೊಂಡಿದ್ದೆ.

ಭರತನ್


ಕಲ್ಲಿಕೋಟೆ
೯ ಅಕ್ಟೋಬರ್ ೧೯೯೭

ಭರತೇಟ್ಟನಿಗೆ,

ಮೂರು ದಿನ ನಿಮ್ಮ ಕಾಗದವನ್ನು ಚೀಲದಲ್ಲಿಟ್ಟುಕೊಂಡು ತಿರುಗಿದೆ. ಕ್ಷಮಿಸಿ ಎಂದು ಬರೆದು ಹರಿದೆ. ಇಪ್ಪತ್ತು ವರ್ಷದ ಮೇಲೆ ಆ ಮಾತು ಬಹಳ ಸಣ್ಣದಾಗಿ ಕಾಣುತ್ತದೆ.

ನೀವು ಬರೆಯದೆ ಬಿಟ್ಟದ್ದೊಂದನ್ನು ನಾನು ಬರೆಯುತ್ತೇನೆ. ಆ ವರ್ಷ ನಮ್ಮ ಮನೆಯಲ್ಲಿ ಸೋದರಮಾವ ನನಗೆ ಗಡುವು ಕೊಟ್ಟಿದ್ದರು, ಮಾರ್ಚಿಯೊಳಗೆ ಡಾಕ್ಟರೇಟ್ ಮುಗಿದರೆ ಸರಿ, ಇಲ್ಲದಿದ್ದರೆ ಪುಸ್ತಕ ಮುಚ್ಚಿ ನಿಕಾಹ್. ನಮ್ಮ ತರವಾಡು ಮನೆತನದ ಮೂವತ್ತೆಂಟು ಹೆಣ್ಣುಮಕ್ಕಳಲ್ಲಿ ಕಾಲೇಜು ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಈ ಗಡುವಿನ ವಿಷಯ ಪ್ರಯೋಗಶಾಲೆಯಲ್ಲಿ ಗೊತ್ತಿದ್ದದ್ದು ನಿಮಗೆ ಮಾತ್ರ. ರೈಲ್ವೆ ಗೇಟಿನ ಅಂಗಡಿಯಲ್ಲಿ ಸುಲೈಮಾನಿ ಚಹಾ ಕುಡಿಯುತ್ತ ಅತ್ತುಕೊಂಡು ಹೇಳಿದ್ದೆ. ಯೋಜನೆ ಡಿಸೆಂಬರಿನಲ್ಲಿ ಮುಚ್ಚಿದ್ದರೆ ಉಳಿದ ಆರು ಜನ ಬೇರೆಲ್ಲಾದರೂ ಸೇರಿಕೊಳ್ಳುತ್ತಿದ್ದರು. ಮುಗಿಯುತ್ತಿದ್ದವಳು ನಾನು. ಮಾರ್ಚಿ ಹದಿನೆಂಟಕ್ಕೆ ನನಗೆ ಡಿಗ್ರಿ ಬಂತು. ಏಪ್ರಿಲಿನಲ್ಲಿ ಮಾಷ್ ನಿವೃತ್ತರಾದರು. ಈ ತಾರೀಕುಗಳನ್ನು ನಾನು ಪಕ್ಕಪಕ್ಕ ಇಟ್ಟು ನೋಡಿರಲೇ ಇಲ್ಲ.

ಮಾಷ್ ಮೇಲೆ ನನಗೆ ಸಿಟ್ಟು ಬಂದಿದೆ. ನಾಲ್ಕು ತಿಂಗಳು ನನ್ನೆದುರು ಕೂತು ನನ್ನ ಪ್ರಬಂಧ ತಿದ್ದಿಸಿದರು. ಆಮೇಲೆ ಹತ್ತೊಂಬತ್ತು ವರ್ಷ ಬದುಕಿದ್ದರು. ಒಂದು ಸಾಲು ಬರೆಸಲಿಲ್ಲ.

ನಾನು ಎರಡು ನಿರ್ಧಾರ ಮಾಡಿದ್ದೇನೆ. ಆ ಇಪ್ಪತ್ತಮೂರು ಕಣಜಗಳನ್ನು ಕಂಡವರು ನೀವೆಂದು ಪಟ್ಟಿಯ ಮುನ್ನುಡಿಯಲ್ಲಿ ಬರೆಯುತ್ತೇನೆ. ಕೊಯಿಲಾಂಡಿಯ ಕಣಜಕ್ಕೆ ನಿಮ್ಮ ಹೆಸರಿಡುತ್ತೇನೆ. ನಿಮ್ಮ ಒಪ್ಪಿಗೆ ಬೇಕು.

ಸುಹರಾ


ವಡಗರ
೨೫ ಅಕ್ಟೋಬರ್ ೧೯೯೭

ಸುಹರಾಗೆ,

ಎರಡಕ್ಕೂ ಒಪ್ಪಿಗೆಯಿಲ್ಲ.

ಹುಳಕ್ಕೆ ನನ್ನ ಹೆಸರಿಡುತ್ತಾರಂತೆ ಎಂದು ಶಾರದಳಿಗೆ ಹೇಳಿದೆ. ಆ ಹುಳ ಏನು ಮಾಡುತ್ತೆ ಎಂದು ಕೇಳಿದಳು. ಬೇರೆಯವರ ಮೊಟ್ಟೆಯೊಳಗೆ ಕೂತು ತಿನ್ನುತ್ತೆ ಎಂದೆ. “ಸರಿಯಾಗೇ ಇಟ್ಟಿದ್ದಾರೆ” ಎಂದು ಅಕ್ಕಿ ಬೀಸಲು ಕೂತಳು. ನಗುವುದಕ್ಕೆ ಇಷ್ಟು ಸಾಕು, ಅಚ್ಚಿಗೆ ಹಾಕಬೇಡ. ಮಾಷ್ ಹೆಸರಿಡು. ಅವರ ಹೆಸರಿನ ಕಣಜ ಒಂದೂ ಇಲ್ಲವೆಂದು ನನಗೆ ಗೊತ್ತು, ಯಾರಿಗೂ ಇಡಗೊಡಲಿಲ್ಲ.

ಮಾಷ್ ಕಣ್ಣಿನ ವಿಷಯವನ್ನೂ ಬರೆಯಬೇಡ. ಈಗ ಓದುವವರು, ಕಣ್ಣಿಲ್ಲದವನು ಹೆಸರಿಟ್ಟ ಹುಳು ಎಂದು ನಗುತ್ತಾರೆ. ಮೆಣಸು ಯಾವುದು ಹುಣಸೆಬೀಜ ಯಾವುದು ಎಂದು ಕೇಳಲು ಬಲ್ಲವನಿಗೆ ಮಾತ್ರ ಉತ್ತರ ಸಿಗುತ್ತದೆ. ನನಗೆ ನೂರು ಕಣ್ಣಿದ್ದರೂ ಆ ಪ್ರಶ್ನೆ ಹೊಳೆಯುತ್ತಿರಲಿಲ್ಲ.

ನಿಜವಾಗಿ ನಿನ್ನಿಂದ ಒಂದು ಆಗಬೇಕಾಗಿದೆ. ಈ ಇಪ್ಪತ್ತು ವರ್ಷ ಏಣಿಯ ಮೇಲೆ ನಿಂತು ಬೋರ್ಡು ಬರೆಯುತ್ತಿರುವಾಗ ಇದ್ದಕ್ಕಿದ್ದಂತೆ ಒಂದು ಯೋಚನೆ ಬಂದು ಕೈ ನಿಲ್ಲುತ್ತದೆ. ನಾನು ಹೇಳಿದ್ದೆಲ್ಲ ಸರಿಯಾಗಿತ್ತೇ? ಹನ್ನೊಂದೆಂದರೆ ಹನ್ನೊಂದೇ ಇತ್ತೇ? ಮಾಷ್ ನನ್ನನ್ನು ನಂಬಿದರು, ಲೋಕ ಮಾಷನ್ನು ನಂಬಿತು. ಯಾವುದೋ ದೇಶದಲ್ಲಿ ಯಾರೋ ನನ್ನ ಎಣಿಕೆಯ ಮೇಲೆ ಇನ್ನೊಂದು ಎಣಿಕೆ ಇಟ್ಟಿರುತ್ತಾರೆ. ಮೂಲ ಹುಳುಗಳು ನಿಮ್ಮ ಪೆಟ್ಟಿಗೆಯಲ್ಲೇ ಇವೆಯಲ್ಲ. ಇಪ್ಪತ್ತಮೂರನ್ನೂ ತೆಗೆದು ನೋಡಿ ಹೇಳು. ತಪ್ಪಿದ್ದರೆ ಮುಚ್ಚಿಡಬೇಡ.

ಭರತನ್


ಕಲ್ಲಿಕೋಟೆ
೩೦ ಡಿಸೆಂಬರ್ ೧೯೯೭

ಭರತೇಟ್ಟನಿಗೆ,

ತಡವಾದದ್ದಕ್ಕೆ ಕಾರಣವಿದೆ. ಇಪ್ಪತ್ತಮೂರನ್ನೂ ನೋಡಿದೆ. ದಿನಕ್ಕೊಂದೇ ನೋಡಬೇಕೆಂದು ನಿಯಮ ಮಾಡಿಕೊಂಡಿದ್ದೆ. ನಿಮ್ಮ ಟಿಪ್ಪಣಿಯನ್ನು ಮುಚ್ಚಿಟ್ಟು, ನಾನೇ ಎಣಿಸಿ ಬರೆದುಕೊಂಡು, ಆಮೇಲೆ ತೆರೆದೆ.

ಇಪ್ಪತ್ತೆರಡು ಸರಿ. ಅಳತೆ ಕೂದಲೆಳೆಯಷ್ಟೂ ಆಚೀಚೆಯಿಲ್ಲ.

ಒಂದು ತಪ್ಪಿದೆ. ನಿಲಂಬೂರಿನ ತೇಗದ ತೋಪಿನದು. ಮೀಸೆಯ ಗೆಣ್ಣು ಹನ್ನೆರಡೆಂದಿದ್ದೀರಿ, ಇರುವುದು ಹನ್ನೊಂದು. ತುದಿಯ ಗೆಣ್ಣಿನ ನಡುವೆ ಒಂದು ಗೆರೆಯಿದೆ, ಬೆಳಕು ಓರೆಯಾಗಿ ಬಿದ್ದರೆ ಎರಡಾಗಿ ಕಾಣುತ್ತದೆ. ಮೊದಲ ಸಲ ನಾನೂ ಹನ್ನೆರಡೇ ಎಣಿಸಿದೆ. ಪಟ್ಟಿಯಲ್ಲಿ ಒಂದು ಸಾಲಿನ ತಿದ್ದುಪಡಿ ಹಾಕುತ್ತೇನೆ. ಹೆಸರು ಹಾಗೇ ನಿಲ್ಲುತ್ತದೆ, ಹುಳ ಹೊಸದೇ. ಇನ್ನು ಏಣಿಯ ಮೇಲೆ ನಿಶ್ಚಿಂತೆಯಾಗಿರಿ.

ಕ್ರಿಸ್‌ಮಸ್ ರಜೆಯಲ್ಲಿ ಟ್ರಂಕು ಹಿಂದಿರುಗಿಸುವ ನೆಪದಲ್ಲಿ ತಿರುವಲ್ಲಕ್ಕೆ ಹೋಗಿದ್ದೆ. ನಿಜ ಹೇಳಬೇಕೆಂದರೆ ಜಗಳಕ್ಕೆ ಹೋಗಿದ್ದೆ, ಜಗಳವಾಡಬೇಕಾದವರು ಸತ್ತಿದ್ದರೂ. ಮಾಷ್ ಹೆಂಡತಿ ಏಲಿಯಾಮ್ಮ ಅಮ್ಮಚ್ಚಿಗೆ ಎಪ್ಪತ್ತು ದಾಟಿದೆ. ಮರಗೆಣಸು, ಖಾರದ ಮೀನುಸಾರು ಬಡಿಸಿ ನಾನು ತಿಂದು ಮುಗಿಸುವವರೆಗೆ ಎದುರಿಗೆ ಕೂತಿದ್ದರು.

“ನೀನು ಯಾಕೆ ಬಂದಿದೀಯ ಅಂತ ಗೊತ್ತು ಮೋಳೇ” ಎಂದರು, ಮಗಳನ್ನು ಕರೆದಂತೆ. “ಅವತ್ತು ಅವರು ಮನೆಗೆ ಬಂದು ಊಟ ಮಾಡ್ಲಿಲ್ಲ. ಸುಹರಾಳ ಹುಳ ಕೊಂದುಬಿಟ್ಟೆ, ಭರತನ ಕೆಲಸ ಕೊಂದುಬಿಟ್ಟೆ ಅಂದ್ರು. ಊರಿಗೆ ಬಂದ ಮೇಲೆ ವರ್ಷಕ್ಕೊಂದು ಸಲ ಕೂರಿಸಿಕೊಂಡು, ಏಲೀ, ಆ ಹುಡುಗಿಗೆ ಒಂದು ಕಾಗದ ಬರಿ ಅನ್ನೋರು. ನಾನೇ ಬರೀಲಿಲ್ಲ. ಅವಳಿಗೆ ಡಿಗ್ರಿ ಬಂತು, ಅವನಿಗೂ ಏನೋ ಒಂದು ಕೆಲಸ ಆಗಿರತ್ತೆ, ನಿಮ್ಮ ಹೆಸರನ್ನ ಯಾಕೆ ಕೆಡಿಸಿಕೊಳ್ತೀರಿ ಅಂತಿದ್ದೆ. ಅವರಿಗೆ ಬರೆಯೋಕೆ ಕಣ್ಣಿರಲಿಲ್ಲ. ಕಣ್ಣಿದ್ದ ನಾನು ಬರೀಲಿಲ್ಲ. ಬಯ್ಯೋದಿದ್ರೆ ನನ್ನ ಬಯ್ಯಿ.”

ಬಯ್ಯಲಾಗಲಿಲ್ಲ. ಪಾತ್ರೆ ತೊಳೆದುಕೊಟ್ಟು ಬಂದೆ.

ಕಣಜಕ್ಕೆ ಮಾಷ್ ಹೆಸರನ್ನೇ ಇಡೋಣ, ಒಪ್ಪಿದೆ. ಕಣ್ಣಿನ ವಿಷಯವನ್ನೂ ಬರೆಯುವುದಿಲ್ಲ. ಆದರೆ ನನ್ನ ಒಂದು ಷರತ್ತಿದೆ. ಹೊಸ ಹುಳದ ಹೆಸರಿನ ಮುಂದೆ ಅದನ್ನು ವರ್ಣಿಸಿದವರ ಹೆಸರು ಬರುತ್ತದೆಂದು ನಿಮಗೆ ಗೊತ್ತು. ಅಲ್ಲಿ ‘ಸುಹರಾ ಮತ್ತು ಭರತನ್’ ಎಂದಿರಬೇಕು. ಮೊದಲು ಆ ಹುಳವನ್ನು ಕಂಡವರು ನೀವು, ಚಿತ್ರ ಬರೆಯಬೇಕಾದವರೂ ನೀವೇ. ಲಿಸಿ ಕ್ಯಾಮೆರಾದಲ್ಲಿ ತೆಗೆದ ಫೋಟೋ ಇದೆ, ಮಸಿ ಚೆಲ್ಲಿದಂತಿದೆ. ವರ್ಣಿಸುವವರು ತಮ್ಮ ಹೆಸರನ್ನೇ ಹುಳಕ್ಕೆ ಇಟ್ಟುಕೊಳ್ಳುವ ಪದ್ಧತಿಯಿಲ್ಲ. ಹಾಗಾಗಿ ನೀವು ನನ್ನ ಜೊತೆ ಬರೆದರೆ ಅದಕ್ಕೆ ಭರತನ ಹೆಸರಿಡುವ ಅಪಾಯವೂ ತಪ್ಪುತ್ತದೆ. ಬರೆಯುವುದಿಲ್ಲ ಎಂದಿರೋ, ನಿಮ್ಮ ಹೆಸರನ್ನೇ ಇಡುತ್ತೇನೆ. ನನ್ನನ್ನು ತಡೆಯಲು ಯಾರಿಗೂ ಹಕ್ಕಿಲ್ಲ. ಶಾರದೇಚಿಯನ್ನು ಕೇಳಿ ತೀರ್ಮಾನ ಮಾಡಿ.

ಸುಹರಾ


ವಡಗರ
೬ ಜನವರಿ ೧೯೯೮

ಸುಹರಾಗೆ,

ನಿಲಂಬೂರಿನ ಹುಳ ನನಗೆ ನೆನಪಿದೆ. ಆ ದಿನ ಮೋಡವಿತ್ತು. ದೀಪ ಹಚ್ಚಿ ನೋಡಿದ್ದೆ. ಮಾಷ್ “ನಾಳೆ ಬಿಸಿಲಲ್ಲಿ ನೋಡೋಣ” ಎಂದಿದ್ದರು, ನಾನೇ ಬೇಡ, ಸರಿಯಾಗಿದೆ ಎಂದೆ.

ಬರುವ ಸೋಮವಾರ, ಹನ್ನೆರಡನೇ ತಾರೀಕು, ಬೆಳಗಿನ ಪ್ಯಾಸೆಂಜರಿಗೆ ಬರುತ್ತೇನೆ. ಹೊಸ ಕನ್ನಡಕ ಮಾಡಿಸಿದ್ದೇನೆ. ಮೇಜು ಕಿಟಕಿಯ ಬದಿಗಿರಲಿ. ಯಾರೂ ಹಾರ ತುರಾಯಿ ತರಕೂಡದು. ಕೈ ಮೊದಲಿನಂತೆ ನಿಲ್ಲದಿದ್ದರೆ ಅದನ್ನು ಹೇಳಬೇಕಾದವಳು ನೀನು. ಅವತ್ತಿನಷ್ಟು ಜೋರಾಗಿ ಬೇಡ.

ಭರತೇಟ್ಟನ್


ವಡಗರ
೧೬ ಆಗಸ್ಟ್ ೧೯೯೮

ಪ್ರೀತಿಯ ಸುಹರಾಗೆ,

ಅಚ್ಚಾದ ಲೇಖನದ ಪ್ರತಿಗಳು ಮೊನ್ನೆ ತಲುಪಿದವು. ಕಾಗದ ಚೆನ್ನಾಗಿದೆ. ಮೂರನೇ ಚಿತ್ರದಲ್ಲಿ ಮುಂಗಾಲಿನ ಮುಳ್ಳನ್ನು ಅಚ್ಚಿನವರು ಅರ್ಧ ನುಂಗಿದ್ದಾರೆ, ಉಳಿದದ್ದೆಲ್ಲ ಬಂದಿದೆ. ಒಂಬತ್ತು ಸೋಮವಾರ ಹಿಡಿದ ಚಿತ್ರ ಅದು. ಮೊದಲ ಎರಡು ಸೋಮವಾರ ನಾನು ಹಾಳು ಮಾಡಿದ ಹಾಳೆಗಳನ್ನು ನೀನು ಮಾತಿಲ್ಲದೆ ಎತ್ತಿ ಬುಟ್ಟಿಗೆ ಹಾಕುತ್ತಿದ್ದೆ. ಮೂರನೆಯ ವಾರ ಲಿಸಿ ಬಾಗಿಲು ತಳ್ಳಿಕೊಂಡು ಬಂದಾಗ ಬಾಯ್ತಪ್ಪಿ “ಯಾರದು ಆನೆ?” ಎಂದುಬಿಟ್ಟೆ. ಆ ಮಗು ಹೆದರಿ ನಿಂತಿತು, ನೀನು ಗೋಡೆಯ ಕಡೆ ತಿರುಗಿ ಕನ್ನಡಕ ಒರೆಸಿಕೊಂಡೆ. ಅವತ್ತಿನಿಂದ ಕೈ ನಿಂತಿತು.

ಒಂದು ಪ್ರತಿಯನ್ನು ತಿರುವಲ್ಲಕ್ಕೆ ಕಳಿಸಿದೆ. ಇಲ್ಲಿ ವಾಚನಾಲಯದಲ್ಲಿ ಒಂದು ಕೊಟ್ಟೆ. ಅಲ್ಲಿಯ ಕಾರ್ಯದರ್ಶಿ ಮೊದಲ ಪುಟ ತಿರುಗಿಸಿ ಮುರುಗಿಸಿ ನೋಡಿ, “ಇದರಿಂದ ಬರೋ ದುಡ್ಡಲ್ಲಿ ನಮ್ಮ ವಾಚನಾಲಯದ ಬೋರ್ಡು ಪುಕ್ಕಟೆ ಬರೆದುಕೊಡ್ತೀರಾ?” ಎಂದು ಕೇಳಿದ.

ಸಂಜೆ ಶಾರದ ಕೈ ಒರೆಸಿಕೊಂಡು ಬಂದು ಪಕ್ಕದಲ್ಲಿ ಕೂತಳು. ಹೆಸರಿನ ಸಾಲು ತೋರಿಸಿದೆ. ಇಂಗ್ಲಿಷ್ ಅಕ್ಷರಗಳನ್ನು ಬೆರಳಿಟ್ಟು ಕೂಡಿಸಿ ಓದಿದಳು. ಮೊದಲು ಕಣಜದ ಕುಲದ ಹೆಸರು, ಆಮೇಲೆ ಕುರುವಿಳ ಮಾಷ್, ಆಮೇಲೆ ನೀನು, ಕೊನೆಗೆ ನಾನು. “ಮೂರೂ ಜನ ಒಂದೇ ಬೆಂಚಲ್ಲಿ ಕೂತ ಹಾಗಿದೆ” ಎಂದಳು. ನಾನು ಪುಟ ತಿರುಗಿಸಿ ಚಿತ್ರ ತೋರಿಸಿದೆ. ಅದು ಪುಟದ ತುಂಬ ಇದೆಯಲ್ಲ, ರೆಕ್ಕೆಯ ಅಂಚಿನ ಕೂದಲು, ಮೀಸೆಯ ಗೆಣ್ಣು, ಬೆನ್ನಿನ ಹೊಳಪು, ಎಲ್ಲವನ್ನೂ ಬಹಳ ಹೊತ್ತು ನೋಡಿದಳು.

“ನಿಜವಾಗಿ ಎಷ್ಟು ದೊಡ್ಡದಿರತ್ತೆ ಇದು?” ಎಂದಳು.

ನಾನು ಪೆನ್ಸಿಲ್ ತೆಗೆದು ಪುಟದ ಅಂಚಿನಲ್ಲಿ ಒಂದು ಚುಕ್ಕಿ ಇಟ್ಟೆ. ಇದಕ್ಕಿಂತ ಕೊಂಚ ಸಣ್ಣದು ಎಂದೆ.

ಅವಳು ಚುಕ್ಕಿಯನ್ನು ನೋಡಿದಳು. ನನ್ನನ್ನು ನೋಡಿದಳು.

“ಇಷ್ಟಕ್ಕೆ ಇಪ್ಪತ್ತು ವರ್ಷ ಮಾತಾಡ್ಲಿಲ್ವಾ ನೀವಿಬ್ರು?”

ನಿನ್ನನ್ನೇ ಕೇಳುತ್ತೇನೆಂದು ಹೇಳಿದೆ. ಉತ್ತರ ಹೊಳೆದರೆ ಬರೆ, ಅವಳಿಗೆ ಓದಿ ಹೇಳುತ್ತೇನೆ.

ನಿನ್ನ
ಭರತೇಟ್ಟನ್